ಇಪ್ಪತ್ತೊಂದು ದಿನಕ್ಕೊಂದು ಸುಳ್ಳು

ಹಡಗಲಿ ಮಲ್ಲಿಗೆ ಅಂದರೆ ಜನ ಹಿಗ್ಗುತ್ತಾರೆ. ನನಗೆ ವಾಕರಿಕೆ ಬರುತ್ತದೆ. ಹೇಳಿಬಿಟ್ಟಿದ್ದೇನೆ, ಬೈಯುವವರು ಕೆಳಗೆ ಕಾಮೆಂಟಿನಲ್ಲಿ ಬೈದು ಹೋಗಿ.

ಹೋದ ವಾರ ನಮ್ಮ ಓಣಿಯ ಸಮುದಾಯ ಭವನದಲ್ಲಿ ಶುಗರ್ ಚೆಕ್ ಮಾಡುವ ಶಿಬಿರ ಇತ್ತು. ಸಾಲಿನಲ್ಲಿ ನನ್ನ ಮುಂದೆ ನಿಂತವಳು ಎರಡು ಮೊಳ ಮಲ್ಲಿಗೆ ಮುಡಿದಿದ್ದಳು. ಬಿಳಿ ಕೋಟಿನ ಹುಡುಗಿ ನನ್ನ ಬೆರಳಿಗೆ ಸ್ಪಿರಿಟ್ ಹತ್ತಿ ಒರೆಸಿದಳು. ಎರಡೂ ವಾಸನೆ ಕೂಡಿ ಮೂಗಿಗೆ ಬಡಿದದ್ದೇ ತಡ, ಹೊರಗೆ ಓಡಿಬಂದು ಚರಂಡಿ ಪಕ್ಕ ಕೂತೆ. ಆ ಹುಡುಗಿ ನೀರಿನ ಬಾಟಲಿ ಹಿಡಿದು ಹಿಂದೆಯೇ ಬಂದಳು. ಈ ವಯಸ್ಸಿನಲ್ಲಿ ಸೂಜಿಗೆ ಇಷ್ಟು ಹೆದರ್ತೀರಾ ಆಂಟಿ ಎಂದು ನಕ್ಕಳು. ಸೂಜಿಗೆ ಯಾರು ಹೆದರಿದರು? ಮೂರು ವರ್ಷದ ಹಿಂದೆ, ಮುಂಗಾರಿನಿಂದ ಯುಗಾದಿಯ ತನಕ, ನಾನು ಏನು ಮಾಡಿದೆ ಅನ್ನುವುದು ಅವಳಿಗೆ ಗೊತ್ತಿದ್ದರೆ ನೀರು ಕೊಡುತ್ತಿರಲಿಲ್ಲ.

ನಾನು ಬ್ಲೌಸ್ ಹೊಲಿಯುವವಳು. ನನ್ನ ಊರಿನ ಹೆಸರು ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಒಂದು ಅಂದುಕೊಳ್ಳಿ. ಹೆಸರು ಬರೆದರೆ ನಮ್ಮೂರ ಆಸ್ಪತ್ರೆ ಹಾಗಿಲ್ಲ ಹೀಗಿಲ್ಲ ಎಂದು ಕಾಮೆಂಟಿನಲ್ಲಿ ಜಗಳ ಶುರುವಾಗುತ್ತದೆ. ಇದು ಆಸ್ಪತ್ರೆಯ ಮೇಲಿನ ದೂರಲ್ಲ. ನಮ್ಮ ಮನೆಯ ಹೊಲಸು.

ನನ್ನ ತಂಗಿ ರತ್ನಳನ್ನು ಹಿರೇಹಡಗಲಿ ಹತ್ತಿರದ ಹಳ್ಳಿಗೆ ಕೊಟ್ಟಿದೆ. ಗಂಡ ಬಸವರಾಜ, ಅತ್ತೆ ಹಾಲವ್ವ, ಒಬ್ಬಳೇ ಮಗಳು ಚೈತ್ರಾ. ಮನೆಯ ಹಿಂದೆ ಮಲ್ಲಿಗೆ ತೋಟ. ಬೆಳಕು ಹರಿಯುವ ಮೊದಲೇ ಮನೆಮಂದಿಯೆಲ್ಲ ಮೊಗ್ಗು ಬಿಡಿಸಲು ಇಳಿಯಬೇಕು. ಆ ವರ್ಷ ಚೈತ್ರಾಗೆ ಎಂಟು, ಮೂರನೇ ಕ್ಲಾಸು. ಬೇಸಿಗೆಯಲ್ಲಿ ಗಂಟಲು ನೋವು ಬಂತು, ಅದಾಗಿಯೇ ಹೋಯಿತು. ಮುಂಗಾರು ಹಿಡಿಯುವ ಹೊತ್ತಿಗೆ ಜ್ವರ. ಇವತ್ತು ಮೊಣಕಾಲು ಊದಿದರೆ ನಾಡಿದ್ದು ಮಣಿಕಟ್ಟು. ಒಂದು ಕಡೆಯ ನೋವು ಇಳಿದು ಇನ್ನೊಂದು ಕಡೆ ಏಳುತ್ತಿತ್ತು. ಹೂ ಬಿಡಿಸುವ ಕೆಲಸ ತಪ್ಪಿಸಲು ಹುಡುಗಿ ನಾಟಕ ಮಾಡುತ್ತಿದ್ದಾಳೆ ಎಂದು ಮನೆಯವರ ತೀರ್ಮಾನ. ನೋವೆಂದು ಅತ್ತವಳ ಕೈಯಿಂದಲೇ ಹದಿನೈದು ದಿನ ಮೊಗ್ಗು ಕೀಳಿಸಿದರು.

ಕೊನೆಗೆ ಮಗು ಹೊಸ್ತಿಲು ದಾಟುವಾಗ ಕುಸಿದು ಕೂತಾಗ ದೊಡ್ಡ ಊರಿಗೆ ಒಯ್ದೆವು. ಅಲ್ಲಿಯ ಡಾಕ್ಟರು ಎದೆಯ ಸ್ಕ್ಯಾನ್ ಮಾಡಿ ಕಾಗದದ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು. ಗಂಟಲಿಗೆ ಬಂದ ರೋಗ ಎದೆಗೆ ಇಳಿದಿದೆ, ಹೃದಯದೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳದೆ ಸ್ವಲ್ಪ ಸೋರುತ್ತಿದೆ ಎಂದರು. ಈಗ ಆದದ್ದು ಆಯಿತು. ಇನ್ನು ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ನಿಮ್ಮ ತಾಲೂಕಿನ ಆಸ್ಪತ್ರೆಯಲ್ಲೇ ಕೊಡುತ್ತಾರೆ. ತಪ್ಪಿಸಿದರೆ ಜ್ವರ ಮತ್ತೆ ಬರುತ್ತದೆ, ಪ್ರತಿ ಸಲ ಬಂದಾಗಲೂ ಕವಾಟ ಇನ್ನಷ್ಟು ಕೆಡುತ್ತದೆ. ಎಲ್ಲಿಯವರೆಗೆ ಎಂದು ರತ್ನ ಕೇಳಿದಳು. ಮಗಳು ಕಾಲೇಜು ಮುಗಿಸುವವರೆಗೆ ಅಂದುಕೊಳ್ಳಿ ಎಂದರು.

ಹೊರಗೆ ಬಂದು ಚಹಾ ಕುಡಿಯುತ್ತಾ ಹಾಲವ್ವ ಎರಡು ಅಪ್ಪಣೆ ಮಾಡಿದಳು. ಒಂದು, ಎದೆಯ ರೋಗ ಎಂದು ಊರಲ್ಲಿ ಯಾರಿಗೂ ಹೇಳಬಾರದು, ನಾಳೆ ಮದುವೆಗೆ ಅಡ್ಡ ಬರುತ್ತದೆ. ಎಂಟು ವರ್ಷದ ಹುಡುಗಿಯ ಮದುವೆ. ಇನ್ನೊಂದು ಅಪ್ಪಣೆ ಮಗುವಿನ ಬಗ್ಗೆ.

“ಕೂಸಿಗೆ ಏನೂ ಹೇಳಬ್ಯಾಡ್ರಿ. ಹೇಳಿದ್ರ ಹೆದರತೈತಿ. ಏನರ ನೆಪ ಮಾಡಿ ಕರಕೊಂಡು ಹೋಗಿ ಚುಚ್ಚಿಸಿಕೊಂಡು ಬರ್ರಿ, ಅಷ್ಟ.”

ಎಲ್ಲರೂ ನನ್ನ ಮುಖ ನೋಡಿದರು. ಆಸ್ಪತ್ರೆಯಿಂದ ಎರಡು ಓಣಿ ದಾಟಿದರೆ ನನ್ನ ಮನೆ. ಜೊತೆಗೆ, ಕತೆ ಹೇಳುವುದರಲ್ಲಿ ನಾನು ಗಟ್ಟಿ ಎಂದು ಇಡೀ ಬಳಗಕ್ಕೆ ಗೊತ್ತು. ನೆಪ ಹೊಲಿದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಖುಷಿಯಿಂದಲೇ ಒಪ್ಪಿಕೊಂಡೆ. ಅದನ್ನು ಈಗ ನೆನೆಸಿಕೊಂಡರೆ ಬಾಯಿ ಕಹಿಯಾಗುತ್ತದೆ.

ಮೊದಲ ನೆಪ ಬಳೆ. ದೊಡ್ಡವ್ವ ಬಳೆ ಕೊಡಿಸುತ್ತಾಳಂತೆ ಬಾ ಎಂದು ಕರೆಸಿದೆವು. ನಿಜವಾಗಿಯೂ ಬಳೆ ಕೊಡಿಸಿದೆ, ಹಸಿರು ಗಾಜಿನವು. ಅಲ್ಲಿಂದ ಸೀದಾ ಆಸ್ಪತ್ರೆ. ಈ ಸೂಜಿಯನ್ನು ನೋಡದವರಿಗೆ ಹೇಳುತ್ತೇನೆ. ಮೊದಲು ಮುಂಗೈ ಮೇಲೆ ಒಂದು ಸಣ್ಣ ಚುಚ್ಚು, ಔಷಧಿ ಮೈಗೆ ಒಗ್ಗುತ್ತದೋ ಇಲ್ಲವೋ ನೋಡಲು. ಅರ್ಧ ತಾಸು ಕಾಯಬೇಕು. ಆಮೇಲೆ ಸೊಂಟದ ಕೆಳಗೆ ದೊಡ್ಡದು. ಔಷಧಿ ಹಾಲಿನಂತೆ ಬೆಳ್ಳಗೆ, ಗಟ್ಟಿಯಾಗಿರುತ್ತದೆ, ಸಲೀಸಾಗಿ ಇಳಿಯುವುದಿಲ್ಲ. ದೊಡ್ಡ ಗಂಡಸರು ಕೂಡ ಅದನ್ನು ಚುಚ್ಚಿಸಿಕೊಂಡರೆ ಕುಂಟುತ್ತಾ ಹೊರಗೆ ಬರುತ್ತಾರೆ.

ಮುಂಗೈಯ ಚುಚ್ಚಿಗೆ ಚೈತ್ರಾ ಸ್ವಲ್ಪ ಅತ್ತಳು. ಮುಗೀತು ನನ್ನ ಬಂಗಾರ, ಮುಗಿದೇ ಹೋಯ್ತು ಎಂದು ನಾನು ಕಣ್ಣೊರೆಸಿದೆ. ಅವಳು ನಂಬಿದಳು. ಅರ್ಧ ತಾಸು ನನ್ನ ತೊಡೆಯ ಮೇಲೆ ಕೂತು ಬಳೆ ಎಣಿಸಿದಳು. ಹೆಸರು ಕೂಗಿದಾಗ ಒಳಗೆ ಒಯ್ದು ಮಂಚದ ಮೇಲೆ ಬೋರಲು ಹಾಕಿದೆವು. ಬಸವರಾಜ ಕಾಲು ಹಿಡಿದ. ರತ್ನ ಭುಜ ಒತ್ತಿದಳು. ನಾನು ತಲೆ. ತಲೆ ಹಿಡಿದವರ ಕೆಲಸ ಮಗುವಿನ ಕಣ್ಣು ಮುಚ್ಚುವುದು. ಹುಡುಗಿ ಕಿರುಚಿದ್ದು ಹೊರಗೆ ಓಪಿಡಿ ಸಾಲಿನ ತನಕ ಕೇಳಿತು. ಮೂರು ಬಳೆ ಒಡೆದವು.

ಹೊರಗೆ ಬರುವಾಗ ಸಾಲಿನಲ್ಲಿದ್ದ ಒಬ್ಬಳು ತನ್ನ ಮಗನಿಗೆ ಚೈತ್ರಾಳನ್ನು ಬೆರಳು ಮಾಡಿ ತೋರಿಸಿ, ಹಟ ಮಾಡಿದರೆ ನಿನಗೂ ಹೀಗೇ ಚುಚ್ಚಿಸುತ್ತೇನೆ ಎಂದಳು. ನಾವು ಯಾರೂ ಅವಳಿಗೆ ಏನೂ ಅನ್ನಲಿಲ್ಲ. ನಮ್ಮ ಮನೆಯಲ್ಲೂ ಅನ್ನ ಉಣ್ಣದ ಮಕ್ಕಳಿಗೆ ಹೇಳುವುದು ಅದನ್ನೇ ತಾನೆ. ಚೈತ್ರಾ ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದಳು.

“ಮುಗೀತು ಅಂದಿದ್ದಿ.”

ಎರಡನೆಯ ಸಲ ಆಧಾರ್ ಕಾರ್ಡಿಗೆ ಫೋಟೋ ತೆಗೆಸಬೇಕು ಎಂದೆವು. ಮೂರನೆಯ ಸಲ ಮಿರ್ಚಿ ಮಂಡಕ್ಕಿ. ಆಮೇಲೆ ಯಾರದೋ ಮನೆಯ ಹೊಸ ಕರು ನೋಡುವುದು. ಕೊಡಿಸುತ್ತೇವೆ ಎಂದದ್ದನ್ನು ಪ್ರತಿ ಸಲವೂ ಕೊಡಿಸಿದ್ದೇವೆ, ಸುಳ್ಳು ಎಲ್ಲಿ ಹೇಳಿದ್ದೇವೆ ಎಂದು ನಮಗೆ ನಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಒಂದು ಸಲ ಬಸವರಾಜನ ತಮ್ಮ ಜೊತೆಗೆ ಬಂದಿದ್ದ. ಮಂಚದ ಮೇಲೆ ಒದ್ದಾಡುತ್ತಿದ್ದ ಹುಡುಗಿಯನ್ನು ಫೋನಿನಲ್ಲಿ ವಿಡಿಯೋ ಮಾಡಿ, ನಮ್ಮ ಮನೆಯ ಪೈಲ್ವಾನ್ ಎಂದು ಬರೆದು ಬಳಗದ ಗ್ರೂಪಿಗೆ ಹಾಕಿದ. ಹನ್ನೆರಡು ಮಂದಿ ನಗುವ ಮುಖ ಒತ್ತಿದರು. ಅದರಲ್ಲಿ ಒಂದು ನನ್ನದು.

ಇಲ್ಲಿ ಒಂದು ವಿಷಯ ಹೇಳಬೇಕು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಅನ್ನುವುದು ನಮ್ಮ ಕಡೆಯ ಹಳೆಯ ಪದ್ಧತಿ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೇಳಲೇಬೇಕಾದರೆ, ದೂರ ಹೊರಟಿರೇನು ಎಂದು ಕೇಳಬೇಕು. ಹಾಲವ್ವ ಈ ವಿಷಯದಲ್ಲಿ ಬಹಳ ಬಿಗಿ. ಚೈತ್ರಾ ನಾಲ್ಕು ವರ್ಷದವಳಿದ್ದಾಗ ಎಲ್ಲಿಗೆ ಎಂದು ಕೇಳಿ ಬಾಯಿ ಮೇಲೆ ಹೊಡೆಸಿಕೊಂಡಿದ್ದಳು. ಹಾಗಾಗಿ ಬಸ್ಸು ಹತ್ತುವಾಗ ಹುಡುಗಿ ತಾಯಿಯ ಸೆರಗು ಹಿಡಿದು, ದೂರ ಹೊಂಟೀವೇನವ್ವಾ ಎನ್ನುತ್ತಿದ್ದಳು. ಇಲ್ಲೇ ಎನ್ನುತ್ತಿದ್ದಳು ರತ್ನ. ಮಗುವಿಗೆ ಕೇಳುವ ಹಕ್ಕಿಲ್ಲ, ತಾಯಿಗೆ ಹೇಳುವ ಗರಜಿಲ್ಲ. ಇಂಥ ಅನುಕೂಲ ಇರುವಾಗ ಸುಳ್ಳು ಹೇಳುವುದು ಎಷ್ಟು ಸುಲಭ.

ಬಾಯಿ ಮುಚ್ಚಿಸಿದರೆ ಕಣ್ಣು ಮುಚ್ಚುತ್ತದೆಯೇ? ಬೇರೆ ದಿನ ಹೂವಿನ ಚೀಲ ಬಸವರಾಜನ ಬೈಕಿನಲ್ಲಿ ಹೋಗುತ್ತಿತ್ತು. ಸೂಜಿಯ ದಿನ ರತ್ನ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಗ್ಗನ್ನು ತಾನೇ ತರುತ್ತಿದ್ದಳು. ಹೇಗೂ ಬಸ್ಸಿನಲ್ಲಿ ಬರುತ್ತೇವಲ್ಲ, ನಿಮ್ಮೂರ ಹೂವಾಡಗಿತ್ತಿಗೆ ಹಾಕಿಹೋದರಾಯಿತು ಎನ್ನುತ್ತಿದ್ದಳು. ಇಂಜೆಕ್ಷನ್ ಕೋಣೆಯ ಬಾಗಿಲಲ್ಲಿ ಆ ಚೀಲ ಇರುತ್ತಿತ್ತು. ಒಳಗೆ ಸ್ಪಿರಿಟ್, ಹೊರಗೆ ಮಲ್ಲಿಗೆ. ಚೈತ್ರಾ ಲೆಕ್ಕ ಹಾಕಿಬಿಟ್ಟಿದ್ದಳು. ಅವ್ವನ ಕೈಯಲ್ಲಿ ಹೂವಿನ ಚೀಲ ಇದ್ದರೆ ಸೂಜಿ. ಶ್ರಾವಣದ ಒಂದು ಬೆಳಗ್ಗೆ ಅವಳು ಆ ಚೀಲವನ್ನು ಹೊತ್ತೊಯ್ದು ದನದ ನೀರಿನ ತೊಟ್ಟಿಗೆ ಸುರಿದಳು. ಹಬ್ಬದ ಹೂವು. ಬಸವರಾಜ ಸೊಕ್ಕು ಎಂದು ಹೊಡೆದ. ಯಾಕೆ ಸುರಿದೆ ಎಂದು ಯಾರೂ ಕೇಳಲಿಲ್ಲ. ಅವತ್ತೂ ಸೂಜಿ ಆಯಿತು. ಫೋನಿನಲ್ಲಿ ಇದನ್ನು ಕೇಳಿ ನಾನು, ಇನ್ನು ಮುಂದೆ ಹೂವು ತರಬೇಡ, ಆಕೆಗೆ ಗುರುತು ಸಿಗುತ್ತದೆ ಎಂದು ರತ್ನಳಿಗೆ ಬುದ್ಧಿ ಹೇಳಿದೆ. ನನ್ನ ಬುದ್ಧಿ ಅಷ್ಟೇ ಇದ್ದದ್ದು. ಸುಳ್ಳು ಬಿಡುವುದಲ್ಲ, ಇನ್ನೂ ಚೆನ್ನಾಗಿ ಹೇಳುವುದು.

ದೀಪಾವಳಿಗೆ ಅವಳಿಗೊಂದು ಫ್ರಾಕ್ ಹೊಲಿಯೋಣ ಎಂದುಕೊಂಡೆ. ಮೆತ್ತನೆಯ ಬಟ್ಟೆ, ಕಡುನೀಲಿ. ಸೂಜಿಗೆ ಇನ್ನೂ ಹತ್ತು ದಿನ ಇತ್ತು, ಇದರಲ್ಲಿ ಯಾವ ಮೋಸವೂ ಇರಲಿಲ್ಲ. ಅಳತೆ ಕೊಡಲು ಬಾ ಎಂದು ಕರೆಸಿದೆ. ರತ್ನ ಅವಳನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಸಂತೆಗೆ ಹೋದಳು. ನಾನು ಟೇಪು ಕೊರಳಿಗೆ ಹಾಕಿಕೊಂಡು ಸೀಮೆಸುಣ್ಣ ಹುಡುಕಲು ಆಕಡೆ ತಿರುಗಿದೆ. ಈಕಡೆ ತಿರುಗುವಷ್ಟರಲ್ಲಿ ಹುಡುಗಿ ನನ್ನ ಕಟಿಂಗ್ ಟೇಬಲ್ ಹತ್ತಿ ಬೋರಲು ಮಲಗಿದ್ದಳು. ಲಂಗವನ್ನು ತಾನೇ ಮೇಲಕ್ಕೆ ಎತ್ತಿಕೊಂಡಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಎರಡೂ ಕೈಯಲ್ಲಿ ಟೇಬಲ್ಲಿನ ಅಂಚು ಹಿಡಿದಿದ್ದಳು.

“ಲಗೂನ ಮಾಡ್ರಿ,” ಎಂದಳು.

ನಾನು ಅವಳನ್ನು ಎತ್ತಿಕೊಂಡು ಅತ್ತೆ. ಟೇಪು ತೋರಿಸಿದೆ, ಬಟ್ಟೆ ತೋರಿಸಿದೆ. ಅವಳು ನನ್ನ ಎರಡೂ ಕೈ ಬಿಡಿಸಿ ಒಳಗೆ ನೋಡಿದಳು. ಆಮೇಲೆ ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದಳು. ಏನೂ ಇಲ್ಲ ಎಂದು ಖಾತ್ರಿಯಾದ ಮೇಲೂ ಅಳತೆ ಕೊಡುವಾಗ ನನ್ನ ಕೈ ಎಲ್ಲಿದೆ ಎಂದೇ ನೋಡುತ್ತಿದ್ದಳು.

ಅವತ್ತೇ ನನಗೆ ಬುದ್ಧಿ ಬಂತು ಎಂದು ಬರೆದರೆ ಈ ಬರಹ ಚೆಂದ ಕಾಣುತ್ತಿತ್ತು. ಬರಲಿಲ್ಲ. ಹತ್ತು ದಿನ ಬಿಟ್ಟು, ಫ್ರಾಕಿಗೆ ಗುಂಡಿ ಹಚ್ಚುವುದು ಉಳಿದಿದೆ ಬಾ ಎಂದು ಕರೆದೆ. ಬಂದಳು. ಅದೇ ನೀಲಿ ಫ್ರಾಕಿನಲ್ಲಿ ಆಸ್ಪತ್ರೆಗೆ ಒಯ್ದು ಮೂರು ಜನ ಹಿಡಿದು ಚುಚ್ಚಿಸಿದೆವು. ಆ ಫ್ರಾಕನ್ನು ಅವಳು ಮತ್ತೆ ಹಾಕಿಕೊಳ್ಳಲಿಲ್ಲ.

ಮುಂದೆ ಒಂದು ಸೂಜಿ ಎಳ್ಳಮಾಸಿಯ ದಿನಕ್ಕೇ ಬಂತು. ಅವತ್ತು ಹೊಲಕ್ಕೆ ಎಡೆಯ ಅನ್ನ ಎರಚಿ ಚರಗ ಚೆಲ್ಲುವ ಹಬ್ಬ, ಮೇಲಾಗಿ ಅಮಾವಾಸ್ಯೆ. ಅಮಾಸಿ ದಿನ ಕೂಸಿನ ಮೈಯಿಂದ ರಕ್ತ ಬರಬಾರದು ಎಂದಳು ಹಾಲವ್ವ. ಎರಡು ದಿನ ಬಿಟ್ಟು ಹೊರಟರೆ ಹುಡುಗಿ ಇಲ್ಲ. ಆಳೆತ್ತರ ಬೆಳೆದಿದ್ದ ಬಿಳಿಜೋಳದ ಹೊಲದೊಳಗೆ ಹೋಗಿ ಕೂತಿದ್ದಳು. ಮಧ್ಯಾಹ್ನದ ತನಕ ಕೂಗಿದರು. ಬಸ್ಸು ಹೋಯಿತು. ಮುಂದಿನ ವಾರ ಮತ್ತೆ ಹಾಗೇ ಮಾಡಿದಳು. ಬಸವರಾಜನಿಗೆ ಸಾಕಾಯಿತು. ಈಗ ಜ್ವರ ಇಲ್ಲ, ಕಾಲು ನೋವಿಲ್ಲ, ಆರಾಮಾಗಿ ಓಡುತ್ತಿದ್ದಾಳೆ, ಒಂದೆರಡು ತಪ್ಪಿದರೆ ಏನಾಗುತ್ತದೆ ಎಂದ. ನನಗೆ ಫೋನ್ ಬಂತು. ನಾನು ಏನೆಂದೆ ಗೊತ್ತೇ? ಇರಲಿ ಬಿಡ್ರಿ, ಸಂಕ್ರಾಂತಿ ಬಂತು, ಹಬ್ಬಕ್ಕೆ ಕೂಸು ಖುಷಿಯಾಗಿರಲಿ ಎಂದೆ. ಡಾಕ್ಟರು ಚಿತ್ರ ಬರೆದು ಹೇಳಿದ್ದನ್ನು ಎರಡೂ ಕಿವಿಯಿಂದ ಕೇಳಿಸಿಕೊಂಡವಳು ನಾನು. ಸುಳ್ಳಿಗೆ ಸರಕು ಮುಗಿದಿತ್ತು ನನಗೆ. ಹೊಸದೊಂದನ್ನು ಹೊಲಿಯುವ ಕಷ್ಟ ತಪ್ಪಿತಲ್ಲ ಎಂದು ಒಳಗೊಳಗೆ ನಿರಾಳವೂ ಆಯಿತು.

ಒಂದರ ಹಿಂದೆ ಒಂದು, ಎರಡು ಸೂಜಿ ತಪ್ಪಿದವು. ಸಂಕ್ರಾಂತಿ ಮುಗಿದ ವಾರ ಜ್ವರ ಬಂತು. ಈ ಸಲ ಮೊಣಕಾಲಿಗೆ ನಿಲ್ಲಲಿಲ್ಲ. ಚಪ್ಪಟೆ ಮಲಗಿದರೆ ಉಸಿರು ಸಿಗುವುದಿಲ್ಲ ಎಂದು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದೆವು. ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿದರು. ಬೈಯಲಿಲ್ಲ. ಹಳೆಯ ರಿಪೋರ್ಟು, ಹೊಸ ರಿಪೋರ್ಟು ಎರಡನ್ನೂ ಪಕ್ಕಪಕ್ಕ ಇಟ್ಟು, ಸೋರುವುದು ಹೆಚ್ಚಾಗಿದೆ, ಇಷ್ಟು ಹಾಳಾದದ್ದು ವಾಪಸ್ ಬರುವುದಿಲ್ಲ, ಇನ್ನೊಮ್ಮೆ ಹೀಗಾದರೆ ಆಪರೇಷನ್ ಮಾತಾಡಬೇಕಾಗುತ್ತದೆ ಎಂದರು.

ವಾರ್ಡಿನಲ್ಲಿ ಹಾಲವ್ವ ಮಗುವಿನ ಮಂಚದ ಪಕ್ಕವೇ ನಿಂತು, ಬಂದುಹೋದವರಿಗೆಲ್ಲ ಹೇಳುತ್ತಿದ್ದಳು. ಈಕಿ ಜೋಳದಾಗ ಅಡಗಿ ಕುಂತಿದ್ದಕ್ಕ ಹಿಂಗಾತು ನೋಡ್ರಿ, ಹಡದವ್ವನ್ನ ಅಳಿಸಿಬಿಟ್ಳು. ಹುಡುಗಿ ಆಕ್ಸಿಜನ್ ನಳಿಕೆಯ ಹಿಂದಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾವು ಮೂರು ಜನ ದೊಡ್ಡವರು ಅಲ್ಲೇ ಇದ್ದೆವು. ಒಬ್ಬರಾದರೂ, ತಪ್ಪು ನಿಂದಲ್ಲ ಅನ್ನಲಿಲ್ಲ. ಅಪವಾದ ಹೊರಲು ಎಂಟು ವರ್ಷದ ಬೆನ್ನು ಸಿಕ್ಕಿತ್ತು, ನಾವೆಲ್ಲ ಹಗುರಾದೆವು. ಥೂ ಅನಿಸುವುದಿಲ್ಲವೇ ನಿಮಗೆ? ನನಗೆ ಇವತ್ತಿಗೂ ಅನಿಸುತ್ತದೆ.

ಶಿವರಾತ್ರಿಯ ಹೊತ್ತಿಗೆ ಸೂಜಿ ಮತ್ತೆ ನಮ್ಮ ತಾಲೂಕಿನ ಆಸ್ಪತ್ರೆಗೆ ಬಂತು. ಈ ಸಲದ ನೆಪ ಕೇಳಬೇಡಿ, ಬರೆಯಲು ಕೈ ಬರುವುದಿಲ್ಲ. ಇಂಜೆಕ್ಷನ್ ಕೋಣೆಯಲ್ಲಿ ಹೊಸ ನರ್ಸ್ ಇದ್ದಳು. ಬೀಬಿಜಾನ್ ಅಂತ ಹೆಸರು, ಐವತ್ತರ ಹತ್ತಿರದ ಹೆಂಗಸು, ಕೂಡ್ಲಿಗಿ ಕಡೆಯವಳು. ನಾವು ಎಂದಿನಂತೆ ಚೈತ್ರಾಳನ್ನು ಹೊತ್ತು ತಂದು ಮಂಚದ ಮೇಲೆ ಹಾಕಿ, ನಮ್ಮ ನಮ್ಮ ಜಾಗ ಹಿಡಿದೆವು. ಬಸವರಾಜ ಕಾಲು, ರತ್ನ ಭುಜ, ನಾನು ತಲೆ. ಬೀಬಿಜಾನ್ ಖಾಲಿ ಸಿರಿಂಜನ್ನು ಟ್ರೇನಲ್ಲಿ ವಾಪಸ್ ಇಟ್ಟಳು.

“ಕೈ ತಗೀರಿ ಎಲ್ಲಾರೂ. ನಾ ಇಲ್ಲಿ ಕುರಿ ಕೊಯ್ಯಾಕ ನಿಂತಿಲ್ಲ.”

ಬಿಟ್ಟರೆ ಓಡಿಹೋಗುತ್ತಾಳೆ ಎಂದ ಬಸವರಾಜ. ಓಡಿದರೆ ಓಡಲಿ, ನಾನೂ ಓಡಿ ಹಿಡಿಯುತ್ತೇನೆ, ನನಗೂ ಶುಗರ್ ಇದೆ, ವಾಕಿಂಗ್ ಆಗುತ್ತದೆ ಎಂದಳು ಅವಳು. ಚೈತ್ರಾ ಓಡಲಿಲ್ಲ. ಎದ್ದು ಕೂತು ಗೋಡೆಗೆ ಬೆನ್ನು ಹಚ್ಚಿದಳು. ಬೀಬಿಜಾನ್ ನನ್ನ ಕಡೆ ತಿರುಗಿದಳು.

“ಏನಂತ ಹೇಳಿ ಕರಕೊಂಡು ಬಂದೀರಿ?”

ನಾನು ರತ್ನಳ ಕಡೆ ನೋಡಿದೆ. ರತ್ನ ತಡವರಿಸುತ್ತಾ ನೆಪ ಹೇಳಿದಳು. ನರ್ಸಿನ ಮುಖ ಕೊಳೆತದ್ದನ್ನು ತುಳಿದವರ ಹಾಗೆ ಆಯಿತು. ಹುಡುಗಿಗೆ ರೋಗ ಏನು ಎಂದಾದರೂ ಹೇಳಿದ್ದೀರಾ ಎಂದಳು. ಇಲ್ಲ. ಎಂಟು ತಿಂಗಳಾಗುತ್ತ ಬಂದಿತ್ತು, ಯಾಕೆ ಚುಚ್ಚುತ್ತಾರೆ ಎಂದು ಅವಳಿಗೆ ಒಬ್ಬರೂ ಹೇಳಿರಲಿಲ್ಲ. ತಾನು ಏನೋ ತಪ್ಪು ಮಾಡಿದ್ದಕ್ಕೆ ಎಂದೇ ಅವಳು ತಿಳಿದಿದ್ದಳು. ಇದನ್ನು ಅವಳೇ ಅವತ್ತು ನರ್ಸಿಗೆ ಹೇಳಿದಳು. ಹೂ ಬಿಡಿಸಾಕ ನೋವು ಅಂತ ಅತ್ತಿದ್ದೆ, ಅದಕ್ಕ ಎಂದಳು.

ಬೀಬಿಜಾನ್ ಸ್ಟೂಲ್ ಎಳೆದುಕೊಂಡು ಅವಳ ಎದುರು ಕೂತಳು. ನಿನ್ನ ಎದೆಯೊಳಗೆ ಒಂದು ಬಾಗಿಲಿದೆ, ಅದಕ್ಕೆ ಪೆಟ್ಟಾಗಿದೆ, ಇನ್ನೊಮ್ಮೆ ಪೆಟ್ಟು ಬೀಳದ ಹಾಗೆ ಈ ಔಷಧಿ ಕಾಯುತ್ತದೆ ಎಂದು ಹೇಳಿದಳು. ನೀನು ಏನೂ ತಪ್ಪು ಮಾಡಿಲ್ಲ ಎಂದಳು. ನಮ್ಮ ಬಾಯಿಂದ ಬರದ ಮಾತು. ಬಹಳ ನೋವಾಗುತ್ತದೇನು ಎಂದು ಚೈತ್ರಾ ಕೇಳಿದಳು. ಇರುವೆ ಕಚ್ಚಿದ ಹಾಗೆ ಎಂದು ಹೇಳಲು ನಾನು ಬಾಯಿ ತೆರೆಯುತ್ತಿದ್ದೆ.

“ಹೂಂ, ಭಾಳ ನೋಯತೈತಿ. ಚುಚ್ಚೋದು ಬ್ಯಾಡ ಅಂದ್ರ ಆ ಮಾತು ನಡೆಂಗಿಲ್ಲ. ನಡುವ ನಿಲ್ಲಸು ಅಂದ್ರೂ ನಡೆಂಗಿಲ್ಲ, ನಿಲ್ಲಿಸಿದ್ರ ಔಷಧಿ ಸೂಜಿಯೊಳಗ ಕಟ್ಟತೈತಿ, ಮತ್ತೊಮ್ಮೆ ಚುಚ್ಚಬೇಕಾಗತೈತಿ. ಆದ್ರ ಎಡಕ್ಕೋ ಬಲಕ್ಕೋ, ನೀ ಹೇಳು. ಅಳೋದಿದ್ರ ಎಷ್ಟು ಜೋರಾಗರ ಅಳು. ಯಾರು ಒಳಗ ಇರಬೇಕು, ಯಾರು ಹೊರಗ ಹೋಗಬೇಕು, ಅದೂ ನಿಂದ ಮಾತು.”

ಹುಡುಗಿ ಎರಡೂ ಕಡೆ ಮುಟ್ಟಿ ನೋಡಿಕೊಂಡು, ಎಡಕ್ಕೆ ಎಂದಳು. ಆಮೇಲೆ ಬಸವರಾಜನನ್ನು ನೋಡಿ, ಅಪ್ಪ ಹೊರಗೆ ಎಂದಳು. ನರ್ಸ್ ಔಷಧಿಯ ಸಣ್ಣ ಬಾಟಲಿಯನ್ನು ಅವಳ ಅಂಗೈಯಲ್ಲಿಟ್ಟು, ಎರಡೂ ಕೈ ನಡುವೆ ಉರುಳಿಸು, ತಣ್ಣಗಿದ್ದರೆ ಜಾಸ್ತಿ ನೋಯುತ್ತದೆ ಎಂದಳು. ಹುಡುಗಿ ರೊಟ್ಟಿಯ ಹಿಟ್ಟಿನ ಉಂಡೆ ಮಾಡಿದ ಹಾಗೆ ಬಾಟಲಿ ಉರುಳಿಸುತ್ತಾ ಕೂತಳು. ಬೋರಲು ಮಲಗಿ ಎರಡೂ ಹೆಬ್ಬೆರಳು ಒಂದಕ್ಕೊಂದು ತಾಗುವ ಹಾಗೆ ಪಾದ ಒಳಕ್ಕೆ ತಿರುಗಿಸು, ಮಾಂಸ ಸಡಿಲವಾಗುತ್ತದೆ ಎಂದಳು. ಚುಚ್ಚುವ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು, ಗಟ್ಟಿಯಾಗಿ ಹತ್ತರ ತನಕ ಎಣಿಸು ಅಂದಳು. ಚೈತ್ರಾ ಎಣಿಸಿದಳು, ಚುಚ್ಚಿದಾಗ ಕಿರುಚಿದಳು, ಅತ್ತಳು. ಆದರೆ ಅವಳನ್ನು ಯಾರೂ ಹಿಡಿದಿರಲಿಲ್ಲ. ಇಷ್ಟೇ ವಿದ್ಯೆ. ಇಷ್ಟನ್ನು ಮಾಡಲು ಎಂಟು ತಿಂಗಳು ನಮ್ಮ ಕೈಯಲ್ಲಿ ಆಗಿರಲಿಲ್ಲ.

ಹೊರಡುವಾಗ ಬೀಬಿಜಾನ್ ನನ್ನನ್ನು ಪಕ್ಕಕ್ಕೆ ಕರೆದಳು. ಮುಂದಿನ ಸಲ ಒಂದು ದಿನ ಮೊದಲೇ, ಮನೆಯಲ್ಲೇ, ಇಂಥ ದಿನ ಸೂಜಿ ಎಂದು ಹುಡುಗಿಗೆ ಹೇಳಬೇಕು. ಸುಳ್ಳು ಹೇಳಿದವರೇ ಹೇಳಬೇಕು. ಅಷ್ಟು ಹೇಳಿ ಮುಂದಿನ ಪೇಷೆಂಟನ್ನು ಕರೆದಳು.

ಇಪ್ಪತ್ತನೆಯ ದಿನ ನಾನು ಬಸ್ಸು ಹತ್ತಿ ತಂಗಿಯ ಊರಿಗೆ ಹೋದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಮಲ್ಲಿಗೆ ಮತ್ತೆ ಚಿಗುರಿತ್ತು. ಮಗುವಿಗೆ ಹೇಳಬೇಡ, ರಾತ್ರಿಯೆಲ್ಲ ಹೆದರಿಕೊಳ್ಳುತ್ತದೆ ಎಂದು ಹಾಲವ್ವ ಬಾಗಿಲಲ್ಲೇ ತಡೆದಳು. ನಾನು ಒಳಗೆ ಹೋಗಿ ಚೈತ್ರಾಳ ಎದುರು ಕೂತು, ನಾಳೆ ಸೂಜಿ ಎಂದೆ. ಬಳೆ ಇಲ್ಲ, ಮಂಡಕ್ಕಿ ಇಲ್ಲ, ನಾಳೆ ಬೆಳಗಿನ ಬಸ್ಸಿಗೆ ಸೂಜಿಗೆ ಹೋಗುವುದು. ಸತ್ಯ ಹೇಳಿದ್ದಕ್ಕೆ ಹುಡುಗಿ ತೆಕ್ಕೆಗೆ ಬೀಳುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ.

ಅವಳು ಗೋಡೆಯ ತನಕ ಹಿಂದೆ ಸರಿದಳು.

“ಖರೇನ ಹೇಳು. ಅಲ್ಲೇ ಬಿಟ್ಟು ಬರ್ತೀರೇನು ನನ್ನ?”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಸೂಜಿಗೆ ಒಯ್ಯುವಾಗ ನಾನು ಬಳೆ ಎನ್ನುತ್ತಿದ್ದೆ, ಮಂಡಕ್ಕಿ ಎನ್ನುತ್ತಿದ್ದೆ. ಇವತ್ತು ನಾನೇ ಬಾಯಿಬಿಟ್ಟು ಸೂಜಿ ಎನ್ನುತ್ತಿದ್ದೇನೆ ಅಂದರೆ ಅದರ ಹಿಂದೆ ಸೂಜಿಗಿಂತ ಕೆಟ್ಟದ್ದು ಇರಲೇಬೇಕು. ನನ್ನ ಬಾಯಿಂದ ಬಂದದ್ದು ಯಾವತ್ತೂ ನಿಜ ಇರುವುದಿಲ್ಲ ಎಂದು ಅವಳು ಸರಿಯಾಗಿಯೇ ಕಲಿತಿದ್ದಳು. ನಾನೇ ಕಲಿಸಿದ್ದು. ದೇವರಾಣೆ ಮಾಡಿದೆ, ಮೈಲಾರಲಿಂಗನ ಆಣೆ ಮಾಡಿದೆ. ಆಣೆ ಮಾಡಿದಷ್ಟೂ ಅವಳ ಹೆದರಿಕೆ ಹೆಚ್ಚಾಯಿತು. ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ಬಸ್ಸಿನಲ್ಲಿ ಸ್ಕೂಲ್ ಬ್ಯಾಗ್ ಎದೆಗೆ ಅವುಚಿಕೊಂಡು ಕೂತಳು. ಒಳಗೆ ಏನಿದೆ ಎಂದು ರತ್ನ ತೆಗೆದು ನೋಡಿದರೆ ಎರಡು ಜೊತೆ ಬಟ್ಟೆ, ಒಂದು ಟವೆಲ್ಲು. ಬಿಟ್ಟುಬಂದರೆ ಇರಲಿ ಎಂದು ತಾನೇ ತುಂಬಿಕೊಂಡಿದ್ದಳು.

ಅವತ್ತು ಸೂಜಿ ಆಯಿತು. ಸೂಜಿ ಮಾತ್ರ ಆಯಿತು. ಅರ್ಧ ತಾಸು ಕೂತು ಅದೇ ಬ್ಯಾಗಿನೊಂದಿಗೆ ವಾಪಸ್ ಬಸ್ಸು ಹತ್ತಿದಳು. ತಮ್ಮ ಹಳ್ಳಿಯ ಸ್ಟಾಪು ಕಾಣುವ ತನಕ ಕಿಟಕಿಯಿಂದ ಕಣ್ಣು ಕೀಳಲಿಲ್ಲ ಎಂದು ರತ್ನ ಫೋನ್ ಮಾಡಿ ಹೇಳಿದಳು.

ಮುಂದಿನದು ಯುಗಾದಿ ಕಳೆದು ನಾಲ್ಕನೆಯ ದಿನ. ನಾನು ಮತ್ತೆ ಹಿಂದಿನ ದಿನ ಹೋಗಿ ಹೇಳಿದೆ. ಅವಳು ಹೂಂ ಎಂದಳು, ಅಷ್ಟೇ. ಕ್ಯಾಲೆಂಡರಿನಲ್ಲಿ ಅವಳೇ ಆ ದಿನಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಳು. ನಾನು ಹೇಳುವುದಕ್ಕೂ ಕ್ಯಾಲೆಂಡರಿಗೂ ತಾಳೆಯಾಗುತ್ತದೋ ಇಲ್ಲವೋ ನೋಡುತ್ತಿದ್ದಳು. ಆ ವಾರ ಮಾಡಿಸಿದ ಸ್ಕ್ಯಾನಿನಲ್ಲಿ ಕವಾಟ ಇನ್ನಷ್ಟು ಕೆಟ್ಟಿರಲಿಲ್ಲ. ಸುಧಾರಿಸಿಯೂ ಇರಲಿಲ್ಲ. ಅಲ್ಲಿಗೇ ನಿಂತಿದೆ, ಹೀಗೇ ತಪ್ಪದೆ ನಡೆಸಿದರೆ ನಿಲ್ಲುತ್ತದೆ ಎಂದರು ಡಾಕ್ಟರು. ನಾವು ಹಾಳು ಮಾಡಿದಷ್ಟು ಮಾತ್ರ ಹಾಳಾಗಿಯೇ ಉಳಿಯಿತು.

ಬೀಬಿಜಾನ್ ಬಾಗಿಲಿಗೆ ಬಂದು ಹೆಸರು ಕರೆದಳು. ಯಾರನ್ನು ಒಳಗೆ ಕರಕೊಳ್ಳುತ್ತೀ ಎಂದು ಕೇಳಿದಳು. ಚೈತ್ರಾ ಅವ್ವನ ಕೈ ಹಿಡಿದಳು. ಅಪ್ಪನನ್ನು ನೋಡಿ, ಬಾ, ಆದರೆ ದೂರ ನಿಲ್ಲಬೇಕು ಎಂದಳು. ನಾನು ಸೆರಗು ಸ್ವಲ್ಪ ಸರಿಮಾಡಿಕೊಂಡು ಎದ್ದು ನಿಂತೆ.

“ದೊಡ್ಡವ್ವ, ನೀ ಬರಬ್ಯಾಡ,” ಎಂದಳು. ಸಿಟ್ಟಿನಿಂದಲ್ಲ. ಎಡಕ್ಕೋ ಬಲಕ್ಕೋ ಎಂದು ಹೇಳುವಾಗ ಇರುತ್ತದಲ್ಲ, ಆ ದನಿಯಲ್ಲಿ. ಆಮೇಲೆ ಚಪ್ಪಲಿ ಕಳಚಿ ನನ್ನ ಕಡೆ ನೂಕಿದಳು. “ಇವನ್ನ ನೋಡ್ಕೊ. ಎಲ್ಲೂ ಹೋಗಬ್ಯಾಡ.”

ಬಾಗಿಲು ಮುಚ್ಚಿತು. ರಬ್ಬರಿನ ಸಣ್ಣ ಚಪ್ಪಲಿ, ಒಂದರ ಉಂಗುಷ್ಟಕ್ಕೆ ಪಿನ್ನು ಹಾಕಿತ್ತು. ಅವನ್ನು ಕೈಯಲ್ಲಿ ಹಿಡಿದು ನಿಂತೆ. ಒಳಗಿನಿಂದ ಅವಳು ಎಣಿಸುವುದು ಕೇಳಿಸಿತು. ಏಳಕ್ಕೆ ದನಿ ಒಡೆಯಿತು, ಎಂಟು ಅಳುತ್ತಾ ಹೇಳಿದಳು, ಒಂಬತ್ತು ಹೇಳಲು ಬಹಳ ಹೊತ್ತು ಬೇಕಾಯಿತು. ಹತ್ತು ಅಂದ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಕುಂಟುತ್ತಾ ಬಂದು ಚಪ್ಪಲಿ ಕೇಳಿದಳು. ಕೊಟ್ಟೆ.